ವರ್ಷದ ಮರಿ, ತೂತಿನ ಚೀಲ, ಮಳೆ ಇಳಿದ ಮೇಲೆ ಸುಣ್ಣ: ಹಿನ್ನೀರಿನ ದಂಡೆಯಲ್ಲಿ ನನ್ನ ಮೀನು ಸಾಕಣೆ

ಮಲೆನಾಡಿನ ನೀರಿನಲ್ಲಿ ರೋಹು, ಕಾಟ್ಲಾ ಕಿಲೋ ತೂಗುವುದಿಲ್ಲ ಎಂದು ನನ್ನೆದುರೇ ಹೇಳಿದವರು ಈಗ ಹಸ್ತ ಮಳೆ ಹುಟ್ಟುವ ಮೊದಲೇ ಫೋನ್ ಮಾಡಿ ಮರಿ ಕೇಳುತ್ತಿದ್ದಾರೆ. ಶರಾವತಿ ಹಿನ್ನೀರಿನ ಈಚೆ ದಂಡೆ, ಸಾಗರ ಮತ್ತು ಹೊಸನಗರ ತಾಲ್ಲೂಕು ಕೂಡುವ ನಮ್ಮ ಭಾಗದಲ್ಲಿ ಹಿಂದೆ ಮೀನು ಹೊಂಡ ಅಂದರೆ ಒಂದೋ ಎರಡೋ ಇದ್ದವು. ಅವೂ ಸಬ್ಸಿಡಿ ಬಂತೆಂದು ತೋಡಿ ಆಮೇಲೆ ಎಮ್ಮೆ ಈಜಾಡಲು ಬಿಟ್ಟವು. ಈಗ ನಮ್ಮೂರು, ಪಕ್ಕದ ಎರಡು ಊರು ಸೇರಿಸಿದರೆ ಹದಿನೈದು ಇಪ್ಪತ್ತಕ್ಕೆ ಕಮ್ಮಿಯಿಲ್ಲ. ಅದರಲ್ಲಿ ಅರ್ಧ ಹೊಂಡಗಳು ನಾನು ಮಾಡಿದ ಹಾಗೇ ನಡೆಯುತ್ತಿವೆ. ಹೇಗೆ ಮಾಡಿದೆ ಎಂದು ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಂದು ಸಲ ಬರೆದುಬಿಡುವುದು ಒಳ್ಳೆಯದು.

ಹೊಂಡ ತೋಡುವುದು, ಏರಿ ಕಟ್ಟುವುದು, ತೂಬು ಕೂರಿಸುವುದು, ಬಲೆ ಎಳೆಯುವುದು ನಿಮಗೆಲ್ಲ ಗೊತ್ತಿದ್ದದ್ದೇ. ಆ ವಿಚಾರಕ್ಕೆ ಹೋಗುವುದಿಲ್ಲ. ನನ್ನದು ಎರಡು ದೊಡ್ಡ ಹೊಂಡ, ಒಟ್ಟು ಒಂದೂಕಾಲು ಎಕರೆ ನೀರು. ಅದಲ್ಲದೆ ಆರಾರು ಗುಂಟೆಯ ಎರಡು ಮರಿ ಹೊಂಡ. ಜಾಗ ಮೊದಲು ಹಡ್ಲು ಗದ್ದೆ. ನಾಟಿಗೆ ಆಳು ಸಿಗದೆ ಪಾಳು ಬಿದ್ದಿತ್ತು. ಅಡಿಕೆಗೆ ಎಲೆಚುಕ್ಕಿ ಬಂದು ತೋಟದ ಆದಾಯ ಅರ್ಧಕ್ಕಿಳಿದ ಮೇಲೆ ಆ ಗದ್ದೆಯ ಮೇಲೆ ಕಣ್ಣು ಬಿತ್ತು. ಗದ್ದೆಯ ತಲೆಯಲ್ಲಿ ಏಪ್ರಿಲ್, ಮೇನಲ್ಲೂ ಬತ್ತದ ಒಂದು ಒರತೆ ಇದೆ. ಅದಿಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಹಿಟಾಚಿ, ತೂಬು, ಏರಿಗೆ ಕಲ್ಲು ಎಲ್ಲ ಸೇರಿ ನಾಲ್ಕು ಲಕ್ಷದ ಆಸುಪಾಸು ಖರ್ಚಾಗಿದೆ. 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ ಇತ್ತು. ನಮ್ಮದು ಮನೆಯವಳ ಹೆಸರಿನ ಜಮೀನು, ಅದರಿಂದ ಅನುಕೂಲವಾಯಿತು.

ಮೊದಲ ವರ್ಷಗಳಲ್ಲಿ ಎಲ್ಲರೂ ಮಾಡುವ ಹಾಗೇ ಮಾಡಿದ್ದು. ಬೇಸಗೆಯಲ್ಲಿ ಹೊಂಡ ಒಣಗಿಸಿ ಸುಣ್ಣ ಹಾಕುವುದು, ಸಗಣಿ ಹಾಕುವುದು, ಜುಲೈನಲ್ಲಿ ಬೆರಳುದ್ದದ ಮರಿ ತಂದು ಬಿಡುವುದು. ಬಯಲುಸೀಮೆಗೆ ಇದು ಸರಿ. ನಮ್ಮಲ್ಲಿ ಆರಿದ್ರಾ ಮಳೆ ಹಿಡಿದರೆ ಬಿಡುವುದಿಲ್ಲ, ಪುನರ್ವಸು, ಪುಷ್ಯದಲ್ಲಿ ಗುಡ್ಡದ ನೀರೆಲ್ಲ ಒಂದೇ ಸಲ ಇಳಿಯುತ್ತದೆ. ಕೋಡಿಗೆ ಕಟ್ಟಿದ ಬಲೆಗೆ ದರಗು ತುಂಬಿ ನೀರು ಏರಿ ಹತ್ತುತ್ತದೆ. ಬಲೆ ಬಿಚ್ಚಿದರೆ ಮರಿ ಹೋಗುತ್ತದೆ, ಬಿಚ್ಚದಿದ್ದರೆ ಏರಿ ಹೋಗುತ್ತದೆ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಬಲೆಯಿಂದ ಎಲೆ ಬಾಚುವ ಕೆಲಸ ಮಲೆನಾಡಿನಲ್ಲಿ ಮೀನು ಸಾಕಿದ ಯಾರಿಗೂ ಹೊಸದಲ್ಲ. ಇಷ್ಟಾದರೂ ಉಳಿಯುವುದು ಮೂರರಲ್ಲಿ ಒಂದು ಪಾಲು. ರೋಹು, ಕಾಟ್ಲಾದಂಥ ಗೆಂಡೆ ಜಾತಿಯ ಮರಿ ಕೋಡಿಯಲ್ಲಿ ಕೆಳಕ್ಕೆ ಹೋಗುವುದಷ್ಟೇ ಅಲ್ಲ, ಹೊಸ ನೀರು ಒಳಗೆ ಬರುವ ಕಡೆ ಎದುರೀಜಿ ಮೇಲಕ್ಕೂ ಹತ್ತುತ್ತದೆ. ಗದ್ದೆಯ ಅಗಳಿನಲ್ಲಿ ಮರಿ ಸಿಕ್ಕಿದ್ದು ಎಷ್ಟೋ ಸಲ.

ತೋಟಕ್ಕೆ ಹೊಡೆಯುವ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಮಸ್ಯೆ ಬೇರೆ. ಕೊಳೆರೋಗಕ್ಕೆ ಜೂನ್, ಜುಲೈನಲ್ಲಿ ಎಲ್ಲ ತೋಟಕ್ಕೂ ಔಷಧಿ ಹೊಡೆಯಲೇಬೇಕು. ಹೊಡೆದ ಸಂಜೆಯೇ ಜೋರು ಮಳೆ ಬಂದರೆ ಮೈಲುತುತ್ತಿನ ನೀರು ಇಳಿಜಾರಿನಲ್ಲಿ ನೇರ ಹೊಂಡಕ್ಕೆ. ನಮ್ಮ ನೀರು ಮೆದು, ಹುಳಿ. ಇಂಥ ನೀರಿನಲ್ಲಿ ತಾಮ್ರದ ವಿಷ ಬಯಲುಸೀಮೆಯ ಗಡಸು ನೀರಿಗಿಂತ ಹೆಚ್ಚು ತಾಗುತ್ತದೆ. ಒಂದು ವರ್ಷ ಮೇಲಿನ ತೋಟಗಳಲ್ಲಿ ಔಷಧಿ ಆದ ಮರುದಿನ ಬೆಳಿಗ್ಗೆ ಸಣ್ಣ ಮರಿಗಳೆಲ್ಲ ದಡಕ್ಕೆ ಬಿಳಿಯಾಗಿ ಬಿದ್ದಿದ್ದವು. ಒಂದೇ ರಾತ್ರಿಯಲ್ಲಿ ಎಂಟು ಹತ್ತು ಸಾವಿರ ರೂಪಾಯಿ ಹೋಯಿತು. ಆಮೇಲೆ ಹೊಂಡದ ಮೇಲ್ಗಡೆ ಉದ್ದಕ್ಕೂ ಬಸಿಗಾಲುವೆ ತೋಡಿ ತೋಟದ ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿದ್ದೇನೆ. ಅಡಿಕೆ ಬೇಯಿಸಿದ ಚೊಗರು ನೀರನ್ನೂ ಹೊಂಡದ ಕಡೆ ಬಿಡಬಾರದು. ತೋಟದ ಕೆಳಗೆ ಹೊಂಡ ಮಾಡುವವರು ಹಿಟಾಚಿ ಬಂದ ದಿನವೇ ಈ ಕಾಲುವೆ ತೆಗೆಸಿಬಿಡಿ, ಆಮೇಲೆ ಅಂದರೆ ಆಗುವುದಿಲ್ಲ.

ಹೀಗೆ ದುಡ್ಡು ಹೋಗುತ್ತಿದ್ದಾಗ ಭದ್ರಾವತಿ ಕಡೆಯ ಸ್ನೇಹಿತರೊಬ್ಬರ ಜೊತೆ ಆಂಧ್ರದ ಕೊಲ್ಲೇರು ನೋಡಲು ಹೋದೆ. ಕೈಕಲೂರಿನಲ್ಲಿ ಇಳಿದು ಆಕಿವೀಡು ತನಕ ಸುತ್ತಾಡಿದೆವು. ಕೃಷ್ಣೆಗೂ ಗೋದಾವರಿಗೂ ನಡುವೆ ಇರುವ ದೊಡ್ಡ ಸಿಹಿನೀರಿನ ಸರೋವರ ಅದು. ಬುಡಮೇರು, ತಮ್ಮಿಲೇರು ಅದಕ್ಕೆ ಬಂದು ಸೇರುತ್ತವೆ, ಉಪ್ಪುಟೇರಿನ ಮೂಲಕ ನೀರು ಸಮುದ್ರಕ್ಕೆ ಹೋಗುತ್ತದೆ. 1970ರ ದಶಕದಲ್ಲಿ ಸರ್ಕಾರವೇ ಮೀನುಗಾರರ ಸಹಕಾರ ಸಂಘಗಳಿಗೆ ಕೆರೆಯಂಗಳದಲ್ಲಿ ಹೊಂಡ ಕಟ್ಟಿಸಿಕೊಟ್ಟಿತು. ಅದನ್ನು ನೋಡಿ, ವರ್ಷ ವರ್ಷವೂ ನೆರೆಗೆ ಬತ್ತ ಕಳೆದುಕೊಳ್ಳುತ್ತಿದ್ದ ಸುತ್ತಲಿನ ರೈತರು 80ರ ದಶಕದಲ್ಲಿ ಗದ್ದೆಗಳನ್ನೇ ಹೊಂಡ ಮಾಡಿದರು. ಈಗ ಏರಿಯ ಮೇಲೆ ನಿಂತರೆ ಕಣ್ಣು ಹೋದಷ್ಟು ದೂರ ಹೊಂಡ. ಒಂದೊಂದು ಹೊಂಡ ನಮ್ಮ ಒಂದು ಊರಿನ ಗದ್ದೆ ಬಯಲಿನಷ್ಟಿದೆ. ಮೀನು ಹಿಡಿದ ದಿನ ಐಸ್ ತುಂಬಿದ ಲಾರಿಗಳು ಕೋಲ್ಕತ್ತಕ್ಕೆ, ಅಸ್ಸಾಮಿಗೆ ಹೊರಡುತ್ತವೆ. ಇದೆಲ್ಲ ಸಾಧ್ಯವಾದದ್ದು ಕೃತಕವಾಗಿ ಮರಿ ಮಾಡುವುದು ಬಂದ ಮೇಲೆ. ಡಾ. ಹೀರಾಲಾಲ್ ಚೌಧುರಿ 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಪಿಟ್ಯುಟರಿ ಗ್ರಂಥಿಯ ರಸದ ಚುಚ್ಚುಮದ್ದಿನಿಂದ ಗೆಂಡೆ ಮೀನಿಗೆ ಮೊಟ್ಟೆ ಇಡಿಸಿದರು. ಅದಕ್ಕೇ ಜುಲೈ 10 ಮೀನು ಕೃಷಿಕರ ದಿನ. ಅದಕ್ಕೆ ಮುಂಚೆ ಹೊಳೆಯಲ್ಲಿ ಹಿಡಿದ ಮರಿಯೇ ಗತಿ.

ಅಲ್ಲಿ ನಾನು ಮುಖ್ಯವಾಗಿ ನೋಡಿದ್ದು ಎರಡು. ಒಂದು, ಅವರು ಬೆರಳುದ್ದದ ಮರಿಯನ್ನು ದೊಡ್ಡ ಹೊಂಡಕ್ಕೆ ಬಿಡುವುದೇ ಇಲ್ಲ. ಸಣ್ಣ ಹೊಂಡದಲ್ಲಿ ಒತ್ತೊತ್ತಾಗಿ, ಅರೆಹೊಟ್ಟೆಗೆ ಹಾಕಿ ವರ್ಷ ಕಳೆಯುತ್ತಾರೆ. ಮರಿ ವಯಸ್ಸಿನಲ್ಲಿ ದೊಡ್ಡದು, ಗಾತ್ರದಲ್ಲಿ ಚಿಕ್ಕದು. ನೂರು ಗ್ರಾಮಿನ ಆಸುಪಾಸು ಕುಬ್ಜವಾಗಿ ನಿಂತಿರುತ್ತದೆ. ಅಗಲ ನೀರು, ಹೊಟ್ಟೆ ತುಂಬ ತಿಂಡಿ ಸಿಕ್ಕ ಕೂಡಲೆ ತಡೆದಿಟ್ಟ ಬೆಳವಣಿಗೆಯೆಲ್ಲ ಒಟ್ಟಿಗೆ ಬರುತ್ತದೆ. ಎರಡನೆಯದು ಚೀಲದಲ್ಲಿ ತಿಂಡಿ ಕಟ್ಟುವ ಕ್ರಮ. ಜಾತಿಯ ಲೆಕ್ಕವೂ ಸರಳ: ನೂರಕ್ಕೆ ಎಂಬತ್ತು ರೋಹು, ಇಪ್ಪತ್ತು ಕಾಟ್ಲಾ. ಮೃಗಾಲ್ ಬಿಟ್ಟೇಬಿಟ್ಟಿದ್ದಾರೆ, ಅದು ತಳ ಹಿಡಿದು ಬಲೆಗೆ ಸಿಗುವುದಿಲ್ಲ, ಕೋಲ್ಕತ್ತದವರಿಗೆ ಬೇಕಾದದ್ದೂ ರೋಹು.

ವಾಪಸ್ ಬಂದು ಹೀಗೆ ಮಾಡುತ್ತೇನೆ ಎಂದಾಗ ಮನೆಯಲ್ಲೂ ಹೊರಗೂ ಒಪ್ಪಿದವರಿಲ್ಲ. ನಮ್ಮ ಭಾವ ನೇರವಾಗಿ ಹೇಳಿದ್ದರು: "ಎಂತ ಮಾರಾಯ, ಅಲ್ಲಿ ಕರಿ ಮಣ್ಣು, ಬೆಂಕಿ ಬಿಸಿಲು. ಇಲ್ಲಿ ಜಂಬಿಟ್ಟಿಗೆ ಕಲ್ಲು, ನಾಲ್ಕು ತಿಂಗಳು ಸೂರ್ಯನ ಮುಖನೇ ಕಾಣಲ್ಲ. ಆಂಧ್ರದ್ದು ಇಲ್ಲಿಗೆ ತಂದ್ರೆ ಆಗ್ತದಾ?" ಸಲಹೆ ಕೊಡಲು ಬಂದ ಅಧಿಕಾರಿಯೊಬ್ಬರೂ ಅದನ್ನೇ ಬೇರೆ ಮಾತಿನಲ್ಲಿ ಹೇಳಿ ಹೋದರು. ಅವರು ಹೇಳಿದ್ದು ಅರ್ಧ ಸರಿ. ಕೊಲ್ಲೇರಿನದು ಜೇಡಿ ಮಣ್ಣು, ಕ್ಷಾರದ ನೀರು, ವರ್ಷದ ಬಹುಪಾಲು ಬೆಚ್ಚಗೆ. ಎಕರೆಗೆ ಮೂರು ನಾಲ್ಕು ಟನ್ ತೆಗೆಯುತ್ತೇವೆ ಎನ್ನುತ್ತಾರೆ ಅವರು. ಅಷ್ಟು ನನಗೆ ಬೇಕಾಗಿಯೇ ಇರಲಿಲ್ಲ. ನನಗೆ ಬೇಕಿದ್ದದ್ದು ನಮ್ಮ ಮಳೆಗಾಲವನ್ನು ತಪ್ಪಿಸಿಕೊಳ್ಳುವ ದಾರಿ. ವರ್ಷದ ಮರಿಯಲ್ಲಿ ಆ ದಾರಿ ಇತ್ತು.

ಹೇಗೆಂದರೆ, ಮಳೆಗಾಲದಲ್ಲಿ ದೊಡ್ಡ ಹೊಂಡ ಖಾಲಿ ಬಿಡುತ್ತೇನೆ. ನೀರು ಬರಲಿ, ಕೋಡಿಯಲ್ಲಿ ಹೋಗಲಿ, ರಾತ್ರಿ ನಾನು ನಿದ್ದೆ ಮಾಡುತ್ತೇನೆ. ಮರಿಗಳೆಲ್ಲ ಆರು ಗುಂಟೆ ಹೊಂಡದಲ್ಲಿ ಇರುತ್ತವೆ. ಅದು ಎತ್ತರದಲ್ಲಿದೆ, ಹೊರಗಿನ ನೀರು ಒಂದು ತೊಟ್ಟೂ ಸೇರುವುದಿಲ್ಲ, ಸುತ್ತ ಬಲೆ, ಮೇಲೆ ದಾರ. ಹಸ್ತ ಮಳೆ ಮುಗಿದು ನೀರು ತಿಳಿಯಾದ ಮೇಲೆ, ಅಂದರೆ ಅಕ್ಟೋಬರ್ ಎರಡನೇ ವಾರದ ಸುಮಾರಿಗೆ, ದೊಡ್ಡ ಹೊಂಡಕ್ಕೆ ಬಿಡುತ್ತೇನೆ. ಅಷ್ಟರಲ್ಲಿ ಅಲ್ಲಿ ಹಳ್ಳದಿಂದ ಕೊರವ, ಕುಚ್ಚಿನಂಥ ಮರಿ ನುಂಗುವ ಮೀನು ಬಂದು ಸೇರಿರುತ್ತವೆ. ಬೇರೆಯವರು ಅದಕ್ಕೆ ಹೆದರಿ, ಅವನ್ನು ಸಾಯಿಸಲು ಮಹುವಾ (ಹಿಪ್ಪೆ) ಹಿಂಡಿ ಹಾಕುತ್ತಾರೆ. ನೂರು ಗ್ರಾಮಿನ ಮರಿ ಕೊರವದ ಬಾಯಿಗೆ ಹಿಡಿಸುವುದಿಲ್ಲ. ನೀರುಕಾಗೆಗೂ ನುಂಗಲು ಕಷ್ಟ. ಉಳಿಯುವ ಪ್ರಮಾಣ ನೂರಕ್ಕೆ ಎಂಬತ್ತೈದು ತೊಂಬತ್ತು. ಮೊದಲಿನ ಮೂರನೇ ಒಂದು ಪಾಲಿಗೂ ಇದಕ್ಕೂ ಇರುವ ಅಂತರವೇ ನನ್ನ ಲಾಭ.

ಮರಿಯನ್ನು ಭದ್ರಾ ಪ್ರಾಜೆಕ್ಟಿನ ಮೀನುಗಾರಿಕೆ ಇಲಾಖೆ ಫಾರ್ಮಿನಿಂದ ತರುತ್ತೇನೆ. ಒಂದು ವರ್ಷ ಮನೆಬಾಗಿಲಿಗೆ ಬಂದ ಖಾಸಗಿ ವ್ಯಾಪಾರಿಯಿಂದ ಕಾಟ್ಲಾ ಎಂದು ಕೊಂಡದ್ದರಲ್ಲಿ ಅರ್ಧ ಬೇರೆ ಏನೇನೋ ಇತ್ತು. ಅಂಗುಲದ ಮರಿಯಲ್ಲಿ ಜಾತಿ ಗುರುತಿಸುವುದು ಸುಲಭವಲ್ಲ, ನಂಬಿಕಸ್ಥರ ಹತ್ತಿರವೇ ಕೊಳ್ಳಬೇಕು. ಆರು ಗುಂಟೆಗೆ ಐದಾರು ಸಾವಿರ ಅಂಗುಲದ ಮರಿ ಬಿಟ್ಟರೆ ಮುಂದಿನ ವರ್ಷಕ್ಕೆ ಮೂರು ಸಾವಿರದಷ್ಟು ವರ್ಷದ ಮರಿ ಸಿಗುತ್ತದೆ. ತಿಂಡಿಯನ್ನು ಎಷ್ಟು ಕಟ್ಟಬೇಕು, ಯಾವ ತಿಂಗಳಲ್ಲಿ ಬಿಗಿ ಮಾಡಬೇಕು, ಯಾವಾಗ ಸಡಿಲ ಬಿಡಬೇಕು ಎನ್ನುವುದರಲ್ಲೇ ಇರುವುದು ಜಾಣತನ. ಪೂರ್ತಿ ಉಪವಾಸ ಕೆಡವಿದರೆ ತಲೆ ದೊಡ್ಡ, ಮೈ ಕಡ್ಡಿ ಆಗಿ ಆಮೇಲೆ ಎಷ್ಟು ಹಾಕಿದರೂ ಏಳುವುದಿಲ್ಲ. ನನ್ನ ತಿಂಗಳ ಪಟ್ಟಿಯನ್ನು ಇಲ್ಲಿ ಕೊಡುವುದಿಲ್ಲ, ಅದನ್ನು ಕಂಡುಕೊಳ್ಳಲು ನಾನು ತೆತ್ತ ದುಡ್ಡು ಸಣ್ಣದಲ್ಲ.

ಸುಣ್ಣದ ವಿಷಯದಲ್ಲಿ ಮಾತ್ರ ಏನನ್ನೂ ಮುಚ್ಚಿಡುವುದಿಲ್ಲ, ಯಾಕೆಂದರೆ ಮಲೆನಾಡಿನ ಹೊಂಡಗಳು ಸೋಲುತ್ತಿರುವುದು ಇಲ್ಲೇ. ನಮ್ಮ ಮಣ್ಣಿನ ಪಿಎಚ್ (ಹುಳಿ, ಕ್ಷಾರದ ಅಳತೆ) ಐದರ ಆಸುಪಾಸು. ಎಲ್ಲರೂ ಬೇಸಗೆಯಲ್ಲಿ, ಒಣಗಿದ ಹೊಂಡಕ್ಕೆ ಸುಣ್ಣ ಹಾಕಿ ಎನ್ನುತ್ತಾರೆ. ಹಾಕಿದೆ. ಜುಲೈನಲ್ಲಿ ಗುಡ್ಡದ ನೀರು ಹರಿದು ಹೊಂಡ ಹತ್ತಾರು ಸಲ ತೊಳೆದು ಹೋದ ಮೇಲೆ ಆಗಸ್ಟಿನಲ್ಲಿ ಅಳೆದರೆ ನೀರು ಮತ್ತೆ ಆರಕ್ಕೇ ಬಂದು ನಿಂತಿರುತ್ತದೆ. ಹಾಕಿದ ಸುಣ್ಣವೆಲ್ಲ ಹಿನ್ನೀರಿಗೆ. ಅದಕ್ಕೆ ನಾನು ಉತ್ತರೆ ಮಳೆಯ ಹೊತ್ತಿಗೆ, ಕೋಡಿ ನಿಂತ ಮೇಲೆ, ನೀರಿನ ಮೇಲೆಯೇ ಎರಚುತ್ತೇನೆ. ಕೃಷಿ ಸುಣ್ಣ, ಎಕರೆಗೆ ಐದು ಕ್ವಿಂಟಾಲ್, ಮೂರು ಕಂತಿನಲ್ಲಿ. ಸುಟ್ಟ ಸುಣ್ಣ ಬೇಡ, ಪಿಎಚ್ ಒಂದೇ ಸಲ ಜಿಗಿಯುತ್ತದೆ. ಆಮೇಲೆ ತಿಂಗಳಿಗೊಮ್ಮೆ ಎಕರೆಗೆ ಐವತ್ತು ಕಿಲೋ. ಸುಣ್ಣ ಹಾಕಿ ಹತ್ತು ಹದಿನೈದು ದಿನ ಕಳೆಯದೆ ಸೂಪರ್ ಫಾಸ್ಫೇಟ್ ಹಾಕಬಾರದು. ಸುಣ್ಣ ರಂಜಕವನ್ನು ಹಿಡಿದು ತಳಕ್ಕೆ ಕೂರಿಸುತ್ತದೆ, ಗೊಬ್ಬರದ ದುಡ್ಡು ವ್ಯರ್ಥ. ಏಳೂಕಾಲು ಏಳೂವರೆಗೆ ಬಂದ ನೀರಿಗೆ ಸ್ವಾತಿ ಮಳೆಯ ನಂತರದ ಬಿಸಿಲು ಬಿದ್ದರೆ ವಾರದೊಳಗೆ ಮೀನಿಗೆ ಆಹಾರವಾಗುವ ಹಸಿರು ಹಿಡಿಯುತ್ತದೆ. ಮೊಣಕೈವರೆಗೆ ಕೈ ಮುಳುಗಿಸಿ, ಬೆರಳ ತುದಿ ಮಬ್ಬಾಗಿ ಕಂಡರೆ ನನಗೆ ಅಷ್ಟು ಸಾಕು. ಮಣಿಕಟ್ಟಿಗೇ ಮಾಯವಾದರೆ ಗೊಬ್ಬರ ನಿಲ್ಲಿಸುತ್ತೇನೆ.

ಸಗಣಿ, ಕೋಳಿ ಗೊಬ್ಬರದ ಬಗ್ಗೆ ಒಂದು ಮಾತು. ಕೊಲ್ಲೇರಿನಲ್ಲಿ ಕೋಳಿ ಗೊಬ್ಬರ ಧಾರಾಳ. ನಮ್ಮಲ್ಲಿ ಮೋಡ ಕವಿದು ಮೂರು ದಿನ ಬಿಸಿಲಿಲ್ಲದಿದ್ದರೆ ನೀರಿನಲ್ಲಿ ಆಮ್ಲಜನಕ ಸಾಲದೆ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತದೆ. ಒಂದು ನವೆಂಬರಿನಲ್ಲಿ ಅಕಾಲ ಮಳೆ ಹಿಡಿದು ಅರ್ಧ ಹೊಂಡದ ಕಾಟ್ಲಾ ಹೋಯಿತು. ರೋಹು ತಡೆಯಿತು, ಕಾಟ್ಲಾ ತಡೆಯಲಿಲ್ಲ. ಅಂದಿನಿಂದ ಕೋಳಿ ಗೊಬ್ಬರ ಬಂದ್. ಸಗಣಿ ಬಗ್ಗಡವನ್ನು ಬಿಸಿಲು ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತೇನೆ. ಐದು ಎಚ್‌ಪಿ ಪಂಪು ದಡದಲ್ಲೇ ಇರುತ್ತದೆ, ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೇ ಚಿಮ್ಮಿಸಲು.

ಇನ್ನು ಚೀಲ. ನೋಡಿದವರೆಲ್ಲ ಕೇಳುವುದು ಇದನ್ನೇ. ಯೂರಿಯಾ ಚೀಲವನ್ನು ಚೆನ್ನಾಗಿ ತೊಳೆದು, ತಳದಿಂದ ಒಂದು ಗೇಣು ಮೇಲಕ್ಕೆ ಎರಡು ಸಾಲು ತೂತು, ಕಾದ ಸಲಾಕೆಯಿಂದ ಚುಚ್ಚಿದ್ದು. ಕತ್ತರಿಯಿಂದ ಮಾಡಿದರೆ ನೂಲು ಬಿಚ್ಚಿಕೊಂಡು ತೂತು ದೊಡ್ಡದಾಗುತ್ತದೆ, ತಿಂಡಿ ತಾನಾಗಿ ಸುರಿದು ತಳ ಸೇರುತ್ತದೆ. ಸಲಾಕೆಯ ಬಿಸಿಗೆ ಅಂಚು ಕರಗಿ ಗಟ್ಟಿಯಾಗುತ್ತದೆ. ತೂತು ಕಿರುಬೆರಳಿಗಿಂತ ಸಣ್ಣದಿರಬೇಕು. ಎಕರೆಗೆ ಎಂಟು ಹತ್ತು ಬಿದಿರು ಗಳ ನೆಟ್ಟು, ಗಳಕ್ಕೊಂದು ಚೀಲ ಕಟ್ಟಿ, ಬಾಯಿ ನೀರಿನ ಮೇಲೆ, ತಳ ನೀರಿನೊಳಗೆ ಎರಡಡಿ. ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ತೆಪ್ಪದಲ್ಲಿ ಹೋಗಿ ತುಂಬುತ್ತೇನೆ. ಮೊದಲ ವಾರ ಮೀನಿಗೆ ಗೊತ್ತಾಗುವುದಿಲ್ಲ. ಆಮೇಲೆ ತೆಪ್ಪದ ಸದ್ದಿಗೇ ಬಂದು ಸುತ್ತುತ್ತವೆ. ರೋಹು ತುಟಿಯನ್ನು ತೂತಿಗೆ ಹಚ್ಚಿ ಚೀಪುತ್ತದೆ, ಒಂದು ಎಳೆದು ಹಿಂದೆ ಸರಿದರೆ ಇನ್ನೊಂದು ಆ ಜಾಗಕ್ಕೆ. ಹತ್ತೂ ಗಳ ಅಲ್ಲಾಡುತ್ತಿದ್ದರೆ ಆ ದಿನ ಮೀನು ಆರೋಗ್ಯವಾಗಿದೆ ಎಂದರ್ಥ. ಒಂದು ಗಳ ಸುಮ್ಮನೆ ನಿಂತಿದ್ದರೆ ಆ ಮೂಲೆಯ ನೀರು ನೋಡಬೇಕು. ಮೂರು ಗಂಟೆಯಲ್ಲಿ ಚೀಲ ಖಾಲಿಯಾಗಬೇಕು. ಉಳಿದರೆ ನಾಳೆ ಅಷ್ಟು ಕಮ್ಮಿ. ದಡದಿಂದ ಎರಚುವಾಗ ಎಷ್ಟು ತಿಂತು, ಎಷ್ಟು ಕೆಸರಿಗೆ ಹೋಯಿತು ಎಂದು ಗೊತ್ತೇ ಆಗುತ್ತಿರಲಿಲ್ಲ. ಚೀಲದಲ್ಲಿ ಮುಟ್ಟಿ ನೋಡಬಹುದು. ನನ್ನ ಲೆಕ್ಕದಲ್ಲಿ ತಿಂಡಿ ಕಾಲುಭಾಗಕ್ಕೂ ಹೆಚ್ಚು ಉಳಿತಾಯವಾಗಿದೆ.

ತಿಂಡಿ ಎಂದರೆ ಎಣ್ಣೆ ತೆಗೆದ ತೌಡು ನೂರಕ್ಕೆ ಎಂಬತ್ತೈದು, ಶೇಂಗಾ ಹಿಂಡಿ ಹದಿನೈದು, ಒಂದು ಹಿಡಿ ಉಪ್ಪು, ಮಿನರಲ್ ಮಿಕ್ಸ್ಚರ್. ಶಿವಮೊಗ್ಗದ ಮಿಲ್ಲುಗಳ ಹಸಿ ತೌಡು ಅಗ್ಗ, ಆದರೆ ಅದರಲ್ಲಿ ಎಣ್ಣೆ ಇರುವುದರಿಂದ ನಮ್ಮ ಶೀತಕ್ಕೆ ಹದಿನೈದು ದಿನದಲ್ಲಿ ಕಮಟು ಹಿಡಿಯುತ್ತದೆ. ಎಣ್ಣೆ ತೆಗೆದದ್ದನ್ನು ದಾವಣಗೆರೆ ಕಡೆಯಿಂದ ನಾಲ್ಕು ಜನ ಸೇರಿ ಒಂದು ಲೋಡ್ ತರಿಸುತ್ತೇವೆ. ಇದಲ್ಲದೆ ಇನ್ನೊಂದು ವಸ್ತು ಸೇರಿಸುತ್ತೇನೆ, ಅಡುಗೆ ಮನೆಯದೇ, ಅದರ ವಾಸನೆಗೆ ಮೀನು ಚಳಿಯಲ್ಲೂ ಚೀಲಕ್ಕೆ ಬರುತ್ತದೆ. ಅದು ಏನು ಎಂಬುದು ಮನೆಯವಳಿಗೆ ಮತ್ತು ನನಗೆ ಮಾತ್ರ ಗೊತ್ತು.

ಚಳಿ ಎಂದಾಗ ನೆನಪಾಯಿತು. ಡಿಸೆಂಬರ್, ಜನವರಿಯಲ್ಲಿ ಮುಂಜಾನೆ ನೀರು ಇಪ್ಪತ್ತು ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಆಗ ಮೀನು ತೂಕ ಏರಿಸುವುದಿಲ್ಲ. ಬಹಳ ಜನ ಅಷ್ಟಕ್ಕೇ ಕೈಬಿಟ್ಟು ಫೆಬ್ರವರಿಯಲ್ಲಿ ಅರ್ಧ ಕಿಲೋದ ಮೀನನ್ನು ಬಂದ ಬೆಲೆಗೆ ಮಾರಿಬಿಡುತ್ತಾರೆ. ಬಿಡಬೇಡಿ. ತಿಂಡಿ ಮೂರನೇ ಒಂದಕ್ಕೆ ಇಳಿಸಿ, ಹನ್ನೊಂದು ಗಂಟೆಯ ಮೇಲೆ ಕಟ್ಟಿ, ಕಾಯಬೇಕು. ಶಿವರಾತ್ರಿ ಕಳೆದ ಮೇಲೆ ಏಪ್ರಿಲ್ ಕೊನೆವರೆಗೆ ಅದೇ ಮೀನು ನೋಡನೋಡುತ್ತಿದ್ದಂತೆ ಹಿಗ್ಗುತ್ತದೆ. ನನ್ನ ಹೊಂಡದಲ್ಲಿ ಒಟ್ಟು ತೂಕದ ಅರ್ಧಕ್ಕಿಂತ ಹೆಚ್ಚು ಬರುವುದು ಆ ಎರಡು ಎರಡೂವರೆ ತಿಂಗಳಲ್ಲಿ.

ರೋಹುವಿಗೆ ಹೇನಿನ ಕಾಟ ತಪ್ಪಿದ್ದಲ್ಲ. ಮಾರ್ಚಿನಲ್ಲಿ ಮೀನು ಗಳಕ್ಕೆ ಮೈ ಉಜ್ಜುತ್ತಿದ್ದರೆ, ಹಾರಿ ಹಾರಿ ಬೀಳುತ್ತಿದ್ದರೆ ಬೀಸುಬಲೆಯಲ್ಲಿ ಒಂದನ್ನು ಹಿಡಿದು ರೆಕ್ಕೆಯ ಬುಡ ನೋಡಿ. ಮೆಂತೆ ಕಾಳಿಗಿಂತ ಚಪ್ಪಟೆಯಾಗಿ, ಗಾಜಿನಂತೆ ಪಾರದರ್ಶಕವಾಗಿ ಅಂಟಿರುತ್ತದೆ. ಆಂಧ್ರದಲ್ಲಿ ಇದಕ್ಕೆ ಔಷಧಿ ಸುರಿಯುತ್ತಾರೆ. ನಮ್ಮ ಒರತೆಯ ನೀರು ಕೆಳಗೆ ದನ ಕುಡಿಯುವ ಹಳ್ಳಕ್ಕೆ ಹೋಗುತ್ತದೆ, ನಾನು ಔಷಧಿಗೆ ಹೋಗಲಿಲ್ಲ. ಹೇನು ಮೊಟ್ಟೆ ಇಡುವುದು ಗಟ್ಟಿ ವಸ್ತುವಿನ ಮೇಲೆ. ಹೊಂಡದ ತುಂಬ ಅಡಿಕೆ ದಬ್ಬೆ ಚುಚ್ಚಿದೆ, ಇಪ್ಪತ್ತು ಮೂವತ್ತು. ಐದಾರು ದಿನಕ್ಕೊಮ್ಮೆ ಎತ್ತಿ ನೋಡಿದರೆ ದಬ್ಬೆಯ ಒರಟು ಮೈ ಮೇಲೆ ಅಂಟಿನ ಪಟ್ಟಿಯಂತೆ ಸಾಲು ಸಾಲು ಮೊಟ್ಟೆ. ಅಂಗಳದಲ್ಲಿ ಎರಡು ದಿನ ಒಣಗಿಸಿ ಮತ್ತೆ ಚುಚ್ಚುವುದು. ಒಂದೂವರೆ ತಿಂಗಳಲ್ಲಿ ಹತೋಟಿಗೆ ಬಂತು, ಪೂರ್ತಿ ಹೋಗಲಿಲ್ಲ. ಬಿದಿರು ಸೀಳು, ಹಲಗೆ, ಪ್ಲಾಸ್ಟಿಕ್ ಎಲ್ಲವನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದೇನೆ, ದಬ್ಬೆಗೇ ಹೆಚ್ಚು ಮೊಟ್ಟೆ ಬೀಳುತ್ತದೆ.

ಇನ್ನೂ ಕೆಲವು ಪ್ರಯೋಗ ಮಾಡಿದ್ದೇನೆ. ಹುಲ್ಲು ಗೆಂಡೆ ನೂರು ಬಿಟ್ಟು ತೋಟದ ಕಳೆ, ನೇಪಿಯರ್ ಹಾಕಿದರೆ ತೌಡಿನ ಖರ್ಚಿಲ್ಲದೆ ಎರಡು ಕಿಲೋ ದಾಟುತ್ತದೆ, ಇದನ್ನು ಎಲ್ಲರೂ ಮಾಡಬೇಕು. ಬೆಳ್ಳಿ ಗೆಂಡೆ ಬೇಗ ಬೆಳೆಯುತ್ತದೆ, ಆದರೆ ಹಿಡಿದ ಸಂಜೆಗೇ ಮೆತ್ತಗಾಗುತ್ತದೆ, ಸಂತೆಗೆ ಆಗದು. ಹಂಗೇರಿಯಿಂದ ಬಂದ ಅಮೂರ್ ಗೆಂಡೆ ನಮ್ಮ ಚಳಿಗೆ ರೋಹುವಿಗಿಂತ ಚೆನ್ನಾಗಿ ಹೊಂದುತ್ತದೆ, ಜನವರಿಯಲ್ಲೂ ತಿನ್ನುತ್ತದೆ. ತೊಂದರೆ ಏನೆಂದರೆ ಅದು ತಳ ಕೆದಕಿ ಏರಿಯ ಬುಡ ಕೊರೆಯುತ್ತದೆ, ನೀರು ವರ್ಷವಿಡೀ ಕೆಮ್ಮಣ್ಣು ಬಣ್ಣ. ಏರಿಗೆ ಕಲ್ಲು ಕಟ್ಟಿದ ಸಣ್ಣ ಹೊಂಡದಲ್ಲಿ ಅದನ್ನೊಂದೇ ಸಾಕಿ ನೋಡುತ್ತಿದ್ದೇನೆ. ನೀರುನಾಯಿಗೆ ಮಾತ್ರ ಬೇರೆ ಉಪಾಯವಿಲ್ಲ. ಅದನ್ನು ಮುಟ್ಟುವಂತಿಲ್ಲ, ಮುಟ್ಟಲೂ ಬಾರದು. ಹಿನ್ನೀರಿನ ಕಡೆಯ ಏರಿಗೆ ಜಾಲರಿ ಹಾಕಿ ಬುಡವನ್ನು ಒಂದಡಿ ಮಣ್ಣಲ್ಲಿ ಹೂತಿದ್ದೇನೆ, ಎರಡು ನಾಯಿ ಕಟ್ಟಿದ್ದೇನೆ.

ಮಾರಾಟದಲ್ಲಿ ಕೊಲ್ಲೇರಿನಿಂದ ಕಲಿಯುವುದು ಏನೂ ಇಲ್ಲ, ಅದು ನಮ್ಮ ಮಲೆನಾಡಿನದೇ ಲೆಕ್ಕ. ಸಾಗರ, ಆನಂದಪುರದ ಜನಕ್ಕೆ ಮೀನು ಎಂದರೆ ಭಟ್ಕಳ, ಗಂಗೊಳ್ಳಿಯಿಂದ ಬರುವ ಬಂಗುಡೆ, ಭೂತಾಯಿ. ಹೊಂಡದ ಮೀನಿಗೆ ಮುಳ್ಳು, ಕೆಸರು ವಾಸನೆ ಎನ್ನುತ್ತಾರೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿ ಇಳಿಯುವಂತಿಲ್ಲ. ಆ ಎರಡು ತಿಂಗಳು ಮಾರ್ಕೆಟ್ಟಿನಲ್ಲಿ ಇರುವುದು ಐಸಿನ ಹಳೆ ಮೀನು, ಅದಕ್ಕೂ ಬೆಂಕಿ ಬೆಲೆ. ಹೊರಗೆ ಮಳೆ, ಬಿಸಿ ಸಾರು ಬೇಕೆನ್ನುವ ಕಾಲ. ಅಕ್ಟೋಬರಿನಲ್ಲಿ ಬಿಟ್ಟ ನನ್ನ ಮೀನು ಸರಿಯಾಗಿ ಆಗಲೇ ಕಿಲೋಕ್ಕೆ ಬಂದು ನಿಂತಿರುತ್ತದೆ. ಮೇ ಕೊನೆಯಿಂದ ಶುರು ಮಾಡಿ ಪುನರ್ವಸು ಜೋರಾಗುವ ಮೊದಲು ಮುಗಿಸುತ್ತೇನೆ, ಒಂದು ಸಲಕ್ಕೆ ಎಂಬತ್ತು ನೂರು ಕಿಲೋ. ಹಿಡಿದದ್ದನ್ನು ಹಾಗೇ ಮಾರುವುದಿಲ್ಲ. ಒರತೆಯ ನೀರು ಹರಿಯುವ ಸಿಮೆಂಟ್ ತೊಟ್ಟಿಯಲ್ಲಿ ಎರಡು ದಿನ ತಿಂಡಿಯಿಲ್ಲದೆ ಬಿಡುತ್ತೇನೆ. ಹೊಟ್ಟೆ ಖಾಲಿ, ವಾಸನೆ ಇಲ್ಲ. ಬಕೆಟ್ಟಿನಲ್ಲಿ ಜೀವಂತ ಕೊಡುತ್ತೇನೆ. ಮೊದಲು ಮೂಗು ಮುರಿದ ಹೆಂಗಸರೇ ಈಗ "ಅಣ್ಣಾ, ಮುಂದಿನ ಸಲ ಕಾಟ್ಲಾ ತಲೆ ನಮಗೆ ತೆಗೆದಿಡಿ" ಎನ್ನುತ್ತಾರೆ. ಫೆಬ್ರವರಿಯಲ್ಲಿ ವ್ಯಾಪಾರಿ ಕೇಳುವುದು ಕಿಲೋಗೆ ನೂರು ನೂರಹತ್ತು. ಜೂನ್‌ನಲ್ಲಿ ದಡದಲ್ಲೇ ನೂರ ಅರವತ್ತರಿಂದ ನೂರ ಎಂಬತ್ತು.

ಲೆಕ್ಕ ನೆನಪಿನಿಂದ ಹೇಳುತ್ತೇನೆ, ಸ್ವಲ್ಪ ಆಚೀಚೆ ಇರಬಹುದು. ಒಂದೂಕಾಲು ಎಕರೆಗೆ ಸಾವಿರದಾರುನೂರು ವರ್ಷದ ಮರಿ: ರೋಹು ಸಾವಿರದಿನ್ನೂರು, ಕಾಟ್ಲಾ ಮುನ್ನೂರು, ಹುಲ್ಲು ಗೆಂಡೆ ನೂರು. ತೌಡು, ಹಿಂಡಿಗೆ ತೊಂಬತ್ತು ಸಾವಿರ. ಸುಣ್ಣ, ಗೊಬ್ಬರಕ್ಕೆ ಹತ್ತು ಸಾವಿರ. ಮರಿ ತಂದು ವರ್ಷ ಸಾಕಿದ್ದಕ್ಕೆ ಇಪ್ಪತ್ತು. ಬಲೆಯ ಆಳು, ಡೀಸೆಲ್, ಸಾಗಾಟ ಇಪ್ಪತ್ತೈದು. ಒಂದು ಲಕ್ಷದ ನಲವತ್ತೈದು ಸಾವಿರ ಎಂದಿಟ್ಟುಕೊಳ್ಳಿ. ಕಳೆದ ಸಲ ಬಂದ ಮೀನು ಹದಿನಾರು ಕ್ವಿಂಟಾಲ್ ಹತ್ತಿರ, ದುಡ್ಡು ಎರಡೂವರೆ ಲಕ್ಷದ ಮೇಲೆ. ಉಳಿದದ್ದು ಒಂದು ಲಕ್ಷದ ಹತ್ತೋ ಇಪ್ಪತ್ತೋ ಸಾವಿರ, ನಮ್ಮ ಮನೆಯವರ ಕೂಲಿ ಹಿಡಿಯದೆ. ಅದರ ಮೇಲೆ ಮಿಕ್ಕ ವರ್ಷದ ಮರಿ ಮಾರಿದ್ದು ಇಪ್ಪತ್ತೈದು ಮೂವತ್ತು ಸಾವಿರ. ಇದೇ ಹಡ್ಲಿನಲ್ಲಿ ಬತ್ತ ಬೆಳೆದಾಗ ಖರ್ಚು ಕಳೆದು ಊಟದ ಅಕ್ಕಿ ಉಳಿದರೆ ಹೆಚ್ಚು.

ಲಾಭ ನೋಡಿ ಹೊಂಡ ಹೆಚ್ಚುತ್ತಿರುವುದು ನನಗೆ ಸಂತೋಷವೇ. ಆದರೆ ಇತ್ತೀಚೆಗೆ ಕೆಲವರು ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಹೊರಬೀಳುವ ಜಾಗಕ್ಕೇ ಏರಿ ಹಾಕಲು ನೋಡುತ್ತಿದ್ದಾರೆ, ಅಜ್ಜನ ಕಾಲದಲ್ಲಿ ಮುಳುಗಿದ ನಮ್ಮದೇ ಗದ್ದೆ ತಾನೆ ಎಂದು. ಮುಳುಗಡೆಯ ಸಂಕಟ ನನ್ನ ಮನೆಗೂ ಗೊತ್ತು. ಆದರೂ ಇದು ಬೇಡ. ಲಿಂಗನಮಕ್ಕಿ ಜಲಾಶಯ ತುಂಬಿದರೆ ನೀರಿನ ಮಟ್ಟ 1819 ಅಡಿ, ಆ ಗೆರೆಯೊಳಗೆ ಕಟ್ಟಿದ್ದು ಯಾವುದೂ ನಿಲ್ಲುವುದಿಲ್ಲ. ಕೊಲ್ಲೇರಿನಲ್ಲಿ ಆದದ್ದೂ ಇದೇ. ಸರೋವರದ ಅಂಗಳದೊಳಗೇ ಹೊಂಡ ನುಗ್ಗಿ ನೆರೆನೀರಿಗೆ ಹೋಗಲು ದಾರಿ ಇಲ್ಲದಾಯಿತು. 1999ರಲ್ಲಿ ಸಮುದ್ರ ಮಟ್ಟದಿಂದ ಐದಡಿ ಎತ್ತರದೊಳಗಿನ ಜಾಗವೆಲ್ಲ ಅಭಯಾರಣ್ಯ ಎಂದಾಯಿತು, 2002ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, 2006ರಲ್ಲಿ ಸರ್ಕಾರ ಸಾವಿರಾರು ಎಕರೆ ಹೊಂಡಗಳ ಏರಿ ಒಡೆಸಿತು. ಅಂಗಳದೊಳಗೆ ಸಾಲ ಮಾಡಿ ಕಟ್ಟಿದವರು ಎಲ್ಲ ಕಳೆದುಕೊಂಡರು, ಗೆರೆಯ ಹೊರಗೆ ಸ್ವಂತ ಗದ್ದೆಯಲ್ಲಿ ಕಟ್ಟಿದವರು ಇಂದಿಗೂ ಲಾರಿ ತುಂಬುತ್ತಿದ್ದಾರೆ.

ಅದಕ್ಕೇ ನನ್ನಲ್ಲಿ ಮರಿಗೆ ಬರುವವರಿಗೆ ಮೊದಲು ಹೊಂಡ ಎಲ್ಲಿದೆ ಎಂದು ಕೇಳುತ್ತೇನೆ. ಗೆರೆಯ ಮೇಲಿರಬೇಕು, ತೋಟದ ನೀರಿಗೆ ಬಸಿಗಾಲುವೆ ಇರಬೇಕು, ಸುಣ್ಣ ಹಾಕಿ ನೀರಿನ ಪಿಎಚ್ ಏಳಕ್ಕೆ ಬಂದಿರಬೇಕು. ಈ ಸಲ ಕೊಡಲು ಸಾವಿರದೈನೂರು ಮರಿಯಷ್ಟೇ ಇವೆ, ಒಬ್ಬರಿಗೆ ಮುನ್ನೂರಕ್ಕಿಂತ ಹೆಚ್ಚಿಲ್ಲ. ಬೇಕಾದವರು ಉತ್ತರೆ ಮಳೆಯೊಳಗೆ ಹೇಳಿ, ಒಯ್ಯುವ ದಿನ ಬೆಳಿಗ್ಗೆ ಆರಕ್ಕೆ ಮೊದಲು ಡ್ರಮ್ಮು ತನ್ನಿ. ಹಿಂದಿನ ದಿನದಿಂದಲೇ ತಿಂಡಿ ನಿಲ್ಲಿಸಿ, ಮರಿಗಳನ್ನು ತೊಟ್ಟಿಗೆ ಹಾಕಿ ಇಟ್ಟಿರುತ್ತೇನೆ.